ಕರು ಮೇಯಿಸಿದವರು ಯಾರು?

ಅವ್ವನ ಬಲಗಣ್ಣಿನ ಪೊರೆ ತೆಗೆಸಿ, ಮೂರು ವಾರ ಬಿಟ್ಟು ಎಡಗಣ್ಣಿನದನ್ನೂ ತೆಗೆಸಿದೆವು. ಆ ಎರಡು ತಿಂಗಳು ನಾನು ಐರಣಿಯಲ್ಲೇ ಇದ್ದೆ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಾಸ್ತರಿಕೆ ಮಾಡಿ ನಿವೃತ್ತನಾಗಿದ್ದೆ, ಬೇರೆ ಅವಸರ ಇರಲಿಲ್ಲ. ಬಗ್ಗಬಾರದು, ಒಲೆಯ ಮುಂದೆ ಕೂರಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಅವ್ವನಿಗೆ ಹೇಳಿ ಕಳಿಸಿದ್ದರು. ಎಂಬತ್ತೆರಡು ವರ್ಷದಲ್ಲಿ ಒಂದು ದಿನವೂ ಕೈಕಟ್ಟಿ ಕೂತವಳಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಎರಡನೆಯ ದಿನಕ್ಕೇ ಸಾಕಾಯಿತು. "ದಿನಾ ಏನೋ ಓದಿಕೋತ ಕುಂದರ್ತೀಯಲ್ಲ, ಅದರಾಗ ಏನೈತಿ ನನಗೂ ಒಂದೀಟು ಹೇಳು" ಅಂದಳು.

ನನ್ನ ಚೀಲದಲ್ಲಿದ್ದವು ಐದು ಇಂಗ್ಲಿಷ್ ಪುಸ್ತಕಗಳು. ರಿಚರ್ಡ್ ಫಾಸ್ಟರ್ 1978ರಲ್ಲಿ ಬರೆದ 'ಸೆಲಬ್ರೇಶನ್ ಆಫ್ ಡಿಸಿಪ್ಲಿನ್', ರಿಕ್ ವಾರನ್‌ನ 2002ರ 'ದ ಪರ್ಪಸ್ ಡ್ರಿವನ್ ಲೈಫ್', ಡಚ್ ಪಾದ್ರಿ ಹೆನ್ರಿ ನೌವನ್‌ನ 1992ರ 'ದ ರಿಟರ್ನ್ ಆಫ್ ದ ಪ್ರಾಡಿಗಲ್ ಸನ್', ಜರ್ಮನಿಯ ಡೀಟ್ರಿಚ್ ಬಾನ್‌ಹಾಫರ್‌ನ ಶಿಷ್ಯತ್ವದ ಪುಸ್ತಕ, ಜೊತೆಗೆ ಬ್ರದರ್ ಲಾರೆನ್ಸ್‌ನ ಮಾತು-ಪತ್ರಗಳ ಸಣ್ಣ ಹೊತ್ತಿಗೆ. ಒಂದೊಂದನ್ನೂ ಎರಡು ಮೂರು ಸಲ ಓದಿದ್ದೆ. ಅಂಚಿನಲ್ಲೆಲ್ಲ ಪೆನ್ಸಿಲ್ ಗೀಟು. ಸಭೆಯ ಉಜ್ಜೀವನ ಕೂಟಗಳಲ್ಲಿ ಇವುಗಳ ಮೇಲೆ ಮಾತಾಡಿದ್ದೂ ಉಂಟು. ಆದರೆ ಇಪ್ಪತ್ತು ವರ್ಷ ಇಂಥ ಪುಸ್ತಕಗಳನ್ನು ಓದುತ್ತ ಬಂದವನಿಗೆ ಒಂದು ಸಂಗತಿ ಒಳಗೊಳಗೇ ಚುಚ್ಚುತ್ತಿತ್ತು. ಪುಸ್ತಕ ಮುಗಿದ ಮೇಲೆ ಮೂರು ವಾರ ಮನಸ್ಸು ತೊಳೆದಿಟ್ಟ ಹಾಗಿರುತ್ತದೆ. ನಾಲ್ಕನೆಯ ವಾರ ಹಳೆಯ ಸಿಟ್ಟು, ಹಳೆಯ ಲೆಕ್ಕಾಚಾರ ಮತ್ತೆ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಆಗ ಇನ್ನೊಂದು ಪುಸ್ತಕ. ಪುಸ್ತಕಗಳು ಸುಳ್ಳು ಹೇಳಿದವೆಂದು ನನಗೆ ಎಂದೂ ಅನ್ನಿಸಲಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು?

ಅವ್ವ ಬೆಟಗೇರಿಯವಳು. 1841ರಲ್ಲಿ ಬಾಸೆಲ್ ಮಿಶನ್ನಿನವರು ನೆಲೆಯೂರಿದ ಊರು ಅದು. ಅವಳ ಅಜ್ಜನ ಕಾಲಕ್ಕೇ ಮನೆಯಲ್ಲಿ ಸತ್ಯವೇದ ಇತ್ತು. ಐದನೆಯ ಇಯತ್ತೆವರೆಗೆ ಓದಿದವಳು, ಕೀರ್ತನೆಗಳು ಬಾಯಿಪಾಠ. ಐರಣಿಗೆ ಸೊಸೆಯಾಗಿ ಬಂದ ಮೇಲೆ ನಮ್ಮ ಓಣಿಯಲ್ಲಿ ನಮ್ಮದೊಂದೇ ಕ್ರೈಸ್ತ ಮನೆ. ಹೊಳೆಯ ದಂಡೆಯಲ್ಲಿ ಹೊಳೆಮಠ, ಹೊಳೆಯಾಚೆ ಹರಿಹರದಲ್ಲಿ ಆರೋಗ್ಯ ಮಾತೆಯ ಗುಡಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮ ಓಣಿಯ ಲಿಂಗಾಯತ, ಕುರುಬ ಹೆಂಗಸರೂ ಮೇಣದಬತ್ತಿ ಹಿಡಿದು ಹೋಗುತ್ತಿದ್ದರು. ಅವ್ವ ಬಾಸೆಲ್ ಮಿಶನ್ನಿನವಳಾದರೂ ಅವರ ಜೊತೆ ಹೋಗಿ ಬರುತ್ತಿದ್ದಳು. ಹಾಗಾಗಿ ಅವಳ ಬಾಯಲ್ಲಿ ದೇವರ ಮಾತು ಚರ್ಚಿನ ಕನ್ನಡದಲ್ಲಿ ಅಷ್ಟಾಗಿ ಬರುವುದಿಲ್ಲ, ಬಾವಿಕಟ್ಟೆಯ ಕನ್ನಡದಲ್ಲಿ ಬರುತ್ತದೆ.

ಮೊದಲ ದಿನವೇ ತೊಡಕಾಯಿತು. ಫಾಸ್ಟರನ ಪುಸ್ತಕ ಹಿಡಿದು ಶುರು ಮಾಡಿದೆ. ಧ್ಯಾನ, ಪ್ರಾರ್ಥನೆ, ಉಪವಾಸ, ಅಧ್ಯಯನದಿಂದ ಹಿಡಿದು ಸರಳತೆ, ಏಕಾಂತ, ಸೇವೆ, ಪಾಪನಿವೇದನೆಯವರೆಗೆ ಹನ್ನೆರಡು ಸಾಧನೆಗಳನ್ನು ಅವನು ಹೇಳುತ್ತಾನೆ. ಮಠಗಳಿಗೆ ಸೇರಿದ್ದೆಂದು ಪ್ರಾಟೆಸ್ಟಂಟರು ಬಹಳ ಕಾಲ ಬದಿಗಿಟ್ಟಿದ್ದ ಹಳೆಯ ದಾರಿಗಳನ್ನು ಸಂಸಾರಸ್ಥರ ಮನೆಗೆ ಮರಳಿ ತಂದದ್ದು ಆ ಪುಸ್ತಕದ ಹಿರಿಮೆ. ನಾನು "ಆತ್ಮಿಕ ಶಿಸ್ತಿನ ಮೂಲಕ ಅಂತರಂಗದ ನವೀಕರಣ" ಎಂದೆ. ಅವ್ವ ಸುಮ್ಮನಿದ್ದಳು. ರೋಮಾಪುರದವರಿಗೆ ಪೌಲ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಬರುತ್ತದಲ್ಲ, ನೂತನ ಮನಸ್ಸು, ಅದೇ, ಎಂದು ಬಿಡಿಸಿ ಹೇಳಿದೆ.

"ನೂತನ ಅಂದ್ರ ಹೊಸಾದ ತರೂದೋ, ಇದ್ದದ್ದನ್ನ ಹಸನ ಮಾಡೂದೋ?" ಅಂದಳು.

ಉತ್ತರ ಗೊತ್ತಿರಲಿಲ್ಲ. ಡಾಕ್ಟರ ಮಾತು ಮೀರಬಾರದೆಂದು ಅವಳು ಮರ ಹಿಡಿದು ಕೇರುತ್ತಿರಲಿಲ್ಲ, ಆದರೆ ಕೈ ಕೇಳಬೇಕಲ್ಲ. ತೊಡೆಯ ಮೇಲೆ ಪರಾತ ಇಟ್ಟುಕೊಂಡು ಜೋಳದಲ್ಲಿ ಕಲ್ಲು ಆರಿಸುತ್ತಿದ್ದಳು. ಕಣ್ಣಿಂದ ಅಲ್ಲ, ಬೆರಳಿಂದ. ಹೆಬ್ಬೆರಳೂ ಎರಡು ಬೆರಳೂ ಕಾಳನ್ನು ತೆಳ್ಳಗೆ ಹರಡುತ್ತ ಹೋಗುತ್ತವೆ, ಎಲ್ಲೋ ಒಂದು ಕಡೆ ನಿಲ್ಲುತ್ತವೆ, ಒಂದನ್ನು ಹೆಕ್ಕುತ್ತವೆ. ಪಕ್ಕದ ಸ್ಟೀಲ್ ಲೋಟದಲ್ಲಿ ಟಣ್ ಎಂದು ಸದ್ದಾಗುತ್ತದೆ. ಕಾಣದೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ "ಕಾಳಿಗಿಂತ ಕಲ್ಲು ತಣ್ಣಗಿರತೈತಿ" ಅಂದಳು. ನಾನೂ ಕೈಯಾಡಿಸಿ ನೋಡಿದೆ. ನನಗೆ ಎಲ್ಲವೂ ಒಂದೇ ಆಗಿ ತಾಗಿತು.

ನಮ್ಮ ಸೀಮೆಯಲ್ಲಿ ಹೊಲ ಹಸನು ಮಾಡುತ್ತಾರೆ, ಕಾಳು ಹಸನು ಮಾಡುತ್ತಾರೆ, ಯಾರಾದರೂ ನೆಲೆಗೆ ನಿಂತರೆ ಅವರ ಬಾಳು ಹಸನಾಯಿತು ಅನ್ನುತ್ತಾರೆ. ಮೂರಕ್ಕೂ ಅದೇ ಮಾತು. ಹಸನು ಮಾಡುವುದೆಂದರೆ ಹೊರಗಿನಿಂದ ಏನನ್ನೂ ತಂದು ಸುರಿಯುವುದಲ್ಲ. ಪರಾತದಲ್ಲಿ ಇರುವುದರ ಮೇಲೇ ಕೈಯಾಡಿಸಬೇಕು, ಒಂದೊಂದು ಕಾಳನ್ನೂ ಮುಟ್ಟಬೇಕು. ಚೀಲದಷ್ಟನ್ನೂ ಒಮ್ಮೆಗೇ ಮುಗಿಸಿ ಇಡುವ ಹಾಗಿಲ್ಲ. ನಾಳೆಯ ರೊಟ್ಟಿಗೆ ನಾಳೆಯೇ ಕೂರಬೇಕು. ಪೌಲನ ಮಾತು ಇದಕ್ಕಿಂತ ದೊಡ್ಡದು, ಅಲ್ಲಿ ಹೊಸತು ಮಾಡುವವನು ದೇವರು ಎಂಬುದು ನನಗೆ ತಿಳಿದಿದೆ. ಆದರೆ ಅವನ ಕೈಗೆ ನಾನು ಒಡ್ಡಬೇಕಾದದ್ದು ನನ್ನದೇ ಪರಾತವನ್ನು ತಾನೆ? ಇಪ್ಪತ್ತು ವರ್ಷ ನಾನು ಮಾಡಿದ್ದು ಹೊಸ ಜೋಳ ಕೊಂಡು ತಂದು ಹಳೆಯದರ ಮೇಲೆ ಸುರಿದದ್ದು. ಕಲ್ಲು ತಳದಲ್ಲೇ ಉಳಿದವು.

ಅಂದಿನಿಂದ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ಅವ್ವನ ಮಾತಿನಲ್ಲಿ ಹೇಳಲು ಬಾರದ ಸಾಲನ್ನು ದಾಟಿ ಮುಂದೆ ಹೋಗಬಾರದು. ಇದರಿಂದ ಓದು ಬಹಳ ನಿಧಾನವಾಯಿತು. ಕೆಲವು ಪುಟ ಪೂರ್ತಿ ಉದುರಿಹೋದವು. ಇಂಗ್ಲಿಷಿನಲ್ಲಿ ಘನವಾಗಿ ಕಂಡ ವಾಕ್ಯ ಅವ್ವನ ಮುಂದೆ ಬಂದಾಗ ಅದರೊಳಗೆ ಏನೂ ಇರಲಿಲ್ಲ. ಇನ್ನು ಕೆಲವು ಸಾಲು ನನಗೇ ಅರ್ಥವಾಗಿರಲಿಲ್ಲ, ಅರ್ಥವಾದ ಹಾಗೆ ಗೀಟು ಎಳೆದಿದ್ದೆ ಅಷ್ಟೆ. ಅವ್ವನಿಗೆ ಹೇಳಲಾಗದ್ದನ್ನು ನಾನೂ ತಿಳಿದಿರಲಿಲ್ಲ ಎಂದು ಒಪ್ಪಿಕೊಳ್ಳುವುದು ಮಾಸ್ತರನಿಗೆ ಸುಲಭವಲ್ಲ.

ಬ್ರದರ್ ಲಾರೆನ್ಸ್‌ನನ್ನು ಹೇಳುವಾಗ ಮಾತ್ರ ಒಂದು ಸಾಲೂ ಉದುರಲಿಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನವನು, ಸಿಪಾಯಿಯಾಗಿ ಕಾಲಿಗೆ ಪೆಟ್ಟು ತಿಂದು ಕುಂಟನಾಗಿ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದವನು. ಅಲ್ಲಿ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ, ಆಮೇಲೆ ಚಪ್ಪಲಿ ಹೊಲಿಯುತ್ತಿದ್ದ. 1691ರಲ್ಲಿ ತೀರಿಕೊಂಡ. ಗುಡಿಯಲ್ಲಿ ಮೊಣಕಾಲೂರಿದಾಗ ದೇವರು ಎಷ್ಟು ಹತ್ತಿರವೋ ಪಾತ್ರೆಗಳ ಗದ್ದಲದ ನಡುವೆಯೂ ಅಷ್ಟೇ ಹತ್ತಿರ ಎಂಬುದೇ ಅವನ ಬಾಳಿನ ತಿರುಳು. ಅವ್ವ ಆರಿಸುವ ಕೈ ನಿಲ್ಲಿಸಿ ಕೇಳಿದಳು. "ಅಡಿಗಿ ಮಾಡಾವರಿಗೆ ಇದು ಗೊತ್ತಿರತೈತಿ. ಬರದಿಟ್ಟಾವರು ಯಾರೂ ಇರಲಿಲ್ಲ" ಅಂದಳು. ಲಾರೆನ್ಸನೂ ಪುಸ್ತಕ ಬರೆದವನಲ್ಲ. ಅವನ ಪತ್ರಗಳನ್ನೂ ಅವನೊಡನೆ ಆಡಿದ ಮಾತುಗಳನ್ನೂ ಒಬ್ಬ ಪಾದ್ರಿ ಅವನು ಸತ್ತ ಮೇಲೆ ಕೂಡಿಸಿ ಅಚ್ಚು ಹಾಕಿಸಿದ.

ರಿಕ್ ವಾರನ್‌ನ ಪುಸ್ತಕ ದಿನಕ್ಕೊಂದು ಅಧ್ಯಾಯದಂತೆ ನಲವತ್ತು ದಿನದ್ದು. ಜಗತ್ತಿನಲ್ಲಿ ಕೋಟಿಗಟ್ಟಲೆ ಪ್ರತಿ ಮಾರಾಟವಾಗಿದೆ. ಅದರಿಂದ ಬದುಕು ನೆಟ್ಟಗಾದವರನ್ನು ನಾನೇ ಬಲ್ಲೆ, ಆದ್ದರಿಂದ ಹಗುರವಾಗಿ ಆಡುವುದಿಲ್ಲ. ನಲವತ್ತು ದಿನ ಅಂದಕೂಡಲೇ ಅವ್ವ ಹೊಲದ ಲೆಕ್ಕಕ್ಕೆ ಹೋದಳು. "ನಲವತ್ತು ದಿನಕ್ಕ ಗ್ವಾನಜೋಳ ಸೊಂಟದುದ್ದ ಬರತೈತಿ. ತೆನಿ ಇನ್ನೂ ಕಟ್ಟಿರೂದಿಲ್ಲ." ಅಷ್ಟೇ ಹೇಳಿ ಮುಂದೆ ಓದು ಅಂದಳು. ನನ್ನ ಮೂರು ವಾರದ ಉತ್ಸಾಹಕ್ಕೂ ನಾಲ್ಕನೆಯ ವಾರದ ಜಾರುವಿಕೆಗೂ ಇದಕ್ಕಿಂತ ಸರಿಯಾದ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಸೊಂಟದುದ್ದ ಬಂದ ಪೈರು ಸುಳ್ಳಲ್ಲ, ಪೂರ್ತಿ ನಿಜವಾದ ಪೈರೇ. ಅದನ್ನು ಸುಗ್ಗಿ ಎಂದುಕೊಂಡದ್ದು ನನ್ನ ತಪ್ಪು.

ಬಾನ್‌ಹಾಫರ್‌ನನ್ನು ಹೇಳುವುದು ಕಷ್ಟವಾಗುತ್ತದೆಂದು ಅಂಜಿದ್ದೆ. 1937ರಲ್ಲಿ, ಹಿಟ್ಲರನ ಆಡಳಿತ ಜರ್ಮನಿಯ ಸಭೆಗಳ ಕತ್ತು ಹಿಸುಕುತ್ತಿದ್ದಾಗ ಅವನು ಬರೆದದ್ದು. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಕೃಪೆಯನ್ನು ಅಗ್ಗದ ಸರಕು ಮಾಡಿಬಿಟ್ಟಿದ್ದೇವೆ, ಪಶ್ಚಾತ್ತಾಪ ಬೇಡ, ಶಿಷ್ಯತ್ವ ಬೇಡ, ಬರೀ ಕ್ಷಮೆ ಬೇಕು ಎನ್ನುತ್ತೇವೆ ಎಂಬುದು ಅವನ ಸಂಕಟ. ಆದರೆ ಕೃಪೆ ಪುಕ್ಕಟೆಯದು ಎಂದೂ ಸತ್ಯವೇದ ಹೇಳುತ್ತದೆ. ಪುಕ್ಕಟೆಯದು ಅಗ್ಗದ್ದಲ್ಲದಿರುವುದು ಹೇಗೆ? ನಾನು ತಡಕಾಡುತ್ತಿರುವಾಗ ಅವ್ವ, "ತವರುಮನಿ ಸೀರಿ ಪುಕ್ಕಟೆ ಬರತೈತಿ, ಅಗ್ಗದ್ದೇನು? ಅದನ್ನ ಉಟಗೊಂಡು ಕಸಾ ಹೊಡಿತಾರೇನು ಯಾರಾದ್ರೂ?" ಅಂದಳು. ಸಭೆಯಲ್ಲಿ ಇದೇ ವಿಷಯದ ಮೇಲೆ ಮುಕ್ಕಾಲು ತಾಸು ಮಾತಾಡಿದ್ದೆ. ಆ ಸೀರೆ ನನಗೆ ಹೊಳೆದಿರಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಂಥ ಪುಸ್ತಕಗಳು ಕನ್ನಡಕ್ಕೂ ಬರುತ್ತವೆ. ತರುವವರ ಶ್ರದ್ಧೆ ದೊಡ್ಡದು, ಅನುಮಾನವಿಲ್ಲ. ಆದರೆ ಬಹಳಷ್ಟರ ಭಾಷೆ ಯಾರ ಮನೆಯಲ್ಲೂ ಯಾರೂ ಆಡದ ಭಾಷೆ. ಅದರಲ್ಲಿ ಅಳುವುದಕ್ಕೆ ಬರುವುದಿಲ್ಲ, ಜಗಳ ಕಾಯುವುದಕ್ಕೂ ಬರುವುದಿಲ್ಲ. ಅಳಲು ಬಾರದ ಭಾಷೆಯಲ್ಲಿ ಪಶ್ಚಾತ್ತಾಪ ಪಡುವುದು ಹೇಗೆ? ನಮಗೆ ಬೇರೆ ಮಾದರಿ ಇರಲಿಲ್ಲವೆಂದಲ್ಲ. ಜರ್ಮನಿಯಿಂದ ಬಂದ ಕಿಟೆಲ್ 1894ರ ನಿಘಂಟಿಗಿಂತ ಮೊದಲೇ, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದ್ದ. ಹಾಡಿದರೆ ತಾನೆ ಇಲ್ಲಿಯವರ ಎದೆಗೆ ಇಳಿಯುವುದು ಎಂದು ಹೊರಗಿನಿಂದ ಬಂದ ಅವನಿಗೆ ತಿಳಿದಿತ್ತು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದೆಯೂ ಶಿಲುಬೆಯ ಸಂಕಟವನ್ನು 'ಗೊಲ್ಗೊಥಾ'ದಲ್ಲಿ ಕನ್ನಡದ ಸಂಕಟ ಮಾಡಿದರು.

ನಮ್ಮ ಸೀಮೆಗೆ ಇನ್ನೂ ಹತ್ತಿರದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಶನ್ನಿನ ಪಾದ್ರಿ. ಸಭೆಯ ಕೆಲಸದ ಜೊತೆಗೇ ತಾಳೆಗರಿ, ಕಾಗದ, ಜನರ ಬಾಯಿ ಎಲ್ಲವನ್ನೂ ಹುಡುಕಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಸರ್ವಜ್ಞನ ಊರೆಂದು ಹೇಳುವ ಅಬಲೂರು, ಮಾಸೂರು ಎರಡೂ ಇದೇ ಹಾವೇರಿ ಜಿಲ್ಲೆಯವು. ಬಸವಣ್ಣ, ಸಿದ್ಧರಾಮ, ಮೋಳಿಗೆ ಮಾರಯ್ಯ ಎಲ್ಲರ ಮನೆಗೂ ಈ ಪಾದ್ರಿ ಹೋಗಿ ಕೂತು ಬಂದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ತಿರುಳ್ಗನ್ನಡದ ತಿರುಕ ಎಂಬ ಹೆಸರು ಅವರಿಗೆ ನಿಂತಿತು. ಕ್ರಿಸ್ತನ ಬಗ್ಗೆ ಕನ್ನಡದಲ್ಲಿ ಬಾಯಿಬಿಡುವ ಮೊದಲು ಕನ್ನಡ ದೇವರೊಡನೆ ಹೇಗೆ ಮಾತಾಡಿದೆ ಎಂದು ಕೇಳಿಸಿಕೊಳ್ಳಲು ಅವರು ತಮ್ಮ ಆಯುಷ್ಯ ಕೊಟ್ಟರು. ನಾನು ಅವರ ಸರ್ವಜ್ಞನನ್ನು ಕ್ಲಾಸಿನಲ್ಲಿ ಪಾಠ ಮಾಡಿದ್ದೇನೆ, ಸಭೆಯಲ್ಲಿ ಮಾತಾಡಲು ಎದ್ದಾಗ ಮಾತ್ರ ಅನುವಾದದ ಕನ್ನಡ ಬಾಯಿಗೆ ಬರುತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ನೌವನ್‌ನ ಪುಸ್ತಕವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದು ನನಗೆ ತೀರ ಪ್ರಿಯವಾದದ್ದು. ಯೇಲ್, ಹಾರ್ವರ್ಡ್‌ಗಳಲ್ಲಿ ಪಾಠ ಹೇಳಿದ ನೌವನ್ 1986ರಲ್ಲಿ ಅದನ್ನೆಲ್ಲ ಬಿಟ್ಟು ಟೊರಾಂಟೊ ಹತ್ತಿರದ ಒಂದು ಮನೆಗೆ ಹೋದ. ಬುದ್ಧಿ ಬೆಳೆಯದವರ ಜೊತೆ ಬಾಳುವ ಮನೆ ಅದು. ಅಲ್ಲಿ ಒಬ್ಬ ತರುಣನಿಗೆ ಸ್ನಾನ ಮಾಡಿಸಿ ಉಣ್ಣಿಸುವುದು ಅವನ ದಿನದ ಮೊದಲ ಕೆಲಸ. ಅದೇ ವರ್ಷ ರಷ್ಯಾಕ್ಕೆ ಹೋಗಿ, ಹರ್ಮಿಟೇಜ್ ಸಂಗ್ರಹಾಲಯದಲ್ಲಿ, ರೆಂಬ್ರಾಂಟ್ ತನ್ನ ಕೊನೆಗಾಲದಲ್ಲಿ ಬರೆದ ಚಿತ್ರದ ಮುಂದೆ ತಾಸುಗಟ್ಟಲೆ ಕೂತ. ಹರಕು ಬಟ್ಟೆಯ ಕಿರಿಮಗ ತಂದೆಯ ಎದೆಗೆ ತಲೆಯಿಟ್ಟು ಮೊಣಕಾಲೂರಿದ್ದಾನೆ, ಬದಿಯಲ್ಲಿ ಹಿರಿಯ ಮಗ ಬಿಗಿದುಕೊಂಡು ನಿಂತಿದ್ದಾನೆ. ನೌವನ್ ಮೊದಲು ತಾನೇ ಆ ಕಿರಿಯ ಅಂದುಕೊಂಡಿದ್ದ. ನೀನು ಹಿರಿಯನೇ ಇರಬಹುದಲ್ಲ ಎಂದು ಗೆಳೆಯನೊಬ್ಬ ಹೇಳಿದಾಗ ಅವನ ಒಳಗು ಅಲುಗಿತು.

ನಾನು ಗೀಟು ಎಳೆದದ್ದೆಲ್ಲ ಹಿರಿಯ ಮಗನ ಅಧ್ಯಾಯಗಳಿಗೇ. ಯಾಕೆಂದರೆ ಅದು ನಾನೇ ಎಂದು ಮೊದಲ ಸಲ ಓದಿದಾಗಲೇ ಗೊತ್ತು ಮಾಡಿಕೊಂಡಿದ್ದೆ. ಮನೆಗೆ ಹಿರಿಯ, ತಿಂಗಳು ತಪ್ಪದೆ ದುಡ್ಡು ಕಳಿಸಿದವನು, ಅಪ್ಪ ತೀರಿಕೊಳ್ಳುವ ಮುಂಚೆ ಮನೆಯನ್ನೂ ಹೊಳೆದಂಡೆಯ ಹೊಲವನ್ನೂ ತಮ್ಮನ ಹೆಸರಿಗೆ ಮಾಡಿದಾಗ ತುಟಿ ಬಿಚ್ಚದವನು. ತುಟಿ ಬಿಚ್ಚಲಿಲ್ಲ, ಆದರೆ ಆಮೇಲೆ ತಮ್ಮನ ಜೊತೆ ಹವೆ, ಮಳೆ, ಅವ್ವನ ಔಷಧಿ ಬಿಟ್ಟು ಬೇರೆ ಮಾತೂ ಆಡಲಿಲ್ಲ. ಹನ್ನೊಂದು ವರ್ಷ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಕಥೆ ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು. ನೌವನ್ ಅದನ್ನು ಹೇಗೆ ಬಿಡಿಸುತ್ತಾನೆಂದು ನಾಲ್ಕು ಸಂಜೆ ಹೇಳಿದೆ. ತಂದೆಯ ಎರಡು ಕೈ ಒಂದೇ ತೆರನಾಗಿಲ್ಲ, ಒಂದು ಗಂಡಸಿನ ಕೈ, ಇನ್ನೊಂದು ತಾಯಿಯ ಕೈಯ ಹಾಗಿದೆ ಅಂದಾಗ ತಲೆಯಾಡಿಸಿದಳು. ಔತಣದ ಮಾತು ಬಂದಾಗ ಕೇಳಿದಳು:

"ಆ ಕೊಬ್ಬಿಸಿದ ಕರಾ ಮೇಯಿಸಿದಾವ ಯಾವ?"

ಪುಸ್ತಕದಲ್ಲಿ ಅದು ಇರಲಿಲ್ಲ.

"ಕಿರಿಯಾವ ಊರಾಗ ಇರಲಿಲ್ಲ. ಅಪ್ಪಗ ವಯಸ್ಸಾಗಿತ್ತು. ಆಳುಗಳು ಇದ್ರೂ ಮುಂದ ನಿಂತು ಮೇವು ಹಾಕ್ಸಾವ ದೊಡ್ಡಾವನ ಅಲ್ಲೇನು? ಅವನ ಕೈಯಿಂದ ಮೇಯ್ದ ಕರಾ ಕೊಯ್ದರು. ಅವಗ ಹೇಳಿ ಕಳಿಸಲಿಲ್ಲ. ಹೊಲಕ್ಕ ಒಬ್ಬರನ್ನ ಓಡಿಸಿದ್ರ ಮುಗಿತಿತ್ತು. ಅವ ದಣದು ಬಂದು, ಬಾಜಿ ಕೇಳಿ, ಆಳಮಗನ್ನ ಕೇಳಬೇಕಾತು, ನಮ್ಮನ್ಯಾಗ ಏನ್ ನಡದೈತಿ ಅಂತ."

ತಂದೆ ಆಮೇಲೆ ತಾನೇ ಹೊರಗೆ ಬಂದು ಕೈಹಿಡಿದು ಕರೆದನಲ್ಲ ಅವ್ವಾ, ಅಂದೆ.

"ಬಂದ. ದೇವರು ಬಂದಾ ಬರ್ತಾನ. ಮನ್ಯಾಗಿದ್ದ ಬ್ಯಾರೇದಾವರ ಸುದ್ದಿ ಹೇಳಾಕತ್ತೀನಿ ನಾ."

ಅವಳು ನನ್ನ ಕಡೆ ಮುಖ ಮಾಡಿಯೂ ಇರಲಿಲ್ಲ. ಬೆರಳು ಪರಾತದಲ್ಲಿ ಆಡುತ್ತಲೇ ಇದ್ದವು. ನನಗೆ ನಾನು ಊರಿಗೆ ಬಂದ ದಿನ ನೆನಪಾಯಿತು. ಅವತ್ತು ಕೋಳಿ ಕೊಯ್ದಿದ್ದರು. ಆ ಕೋಳಿ ಸಾಕಿದವಳು ತಮ್ಮನ ಹೆಂಡತಿ. ನಾನು, ಅವ್ವ, ಮಕ್ಕಳು ಎಂಟು ಗಂಟೆಗೆಲ್ಲ ಉಂಡು ನಗುತ್ತ ಕೂತಿದ್ದೆವು. ತಮ್ಮ ಹೊಲದಲ್ಲಿದ್ದ. ಹತ್ತೂವರೆಗೆ ಬಂದು, ಕಾಲು ತೊಳೆದು, ತಳದ ಸಾರಿನಲ್ಲಿ ಎರಡು ರೊಟ್ಟಿ ಉಂಡು ಮಲಗಿದ. ಅವ್ವನನ್ನು ಆರು ವರ್ಷ ಸಕ್ಕರೆ ಕಾಯಿಲೆಗೆ ದಾವಣಗೆರೆಗೆ ಓಡಾಡಿಸಿದವನು ಅವನು. ಹೊಳೆ ಏರಿದ ವರ್ಷ ಹೊತ್ತುಕೊಂಡು ಎತ್ತರಕ್ಕೆ ತಂದವನೂ ಅವನೇ. ನಾನು ಕಳಿಸಿದ್ದು ದುಡ್ಡು. ನೌವನ್‌ನ ಪುಸ್ತಕದ ಅಂಚಿನಲ್ಲಿ ಅಷ್ಟು ವರ್ಷ ನಾನು ಎಳೆದ ಗೀಟುಗಳೆಲ್ಲ ಇನ್ನೊಬ್ಬನ ಹೆಸರಿನ ಕೆಳಗೆ ಎಳೆದವು. ಹೊಲದಲ್ಲಿ ಉಳಿದ ಮಗ ನಮ್ಮ ಮನೆಯಲ್ಲಿ ಕಿರಿಯವನು. ಯಾರೂ ಕರೆಯಲು ಹೋಗದವನೂ ಅವನೇ.

ಒಂದು ಕಲ್ಲು ಬೆರಳಿಗೆ ತಣ್ಣಗೆ ತಾಗಿತು.

ಪುಸ್ತಕ ಮುಚ್ಚಿಟ್ಟು, ತಮ್ಮನ ಹೆಂಡತಿಯಿಂದ ಬ್ಯಾಟರಿ ಇಸಿದುಕೊಂಡು ಹೊರಟೆ. ಏಳೂವರೆ ಆಗಿತ್ತು. ಹೊಳೆಯ ಕಡೆಯ ಬಂಡಿದಾರಿ ನನ್ನ ಕಾಲಿಗೆ ಮರೆತೇಹೋಗಿತ್ತು, ಎರಡು ಸಲ ಎಡವಿದೆ. ತ್ರೀಫೇಸ್ ಕರೆಂಟು ಬಂದಿತ್ತೆಂದು ಕಾಣುತ್ತದೆ, ದೂರದಿಂದಲೇ ಮೋಟರಿನ ಸದ್ದು ಕೇಳಿಸುತ್ತಿತ್ತು. ಗೋವಿನಜೋಳದ ಸಾಲಿನ ನಡುವೆ ಸಲಿಕೆ ಹಿಡಿದು ನೀರು ತಿರುಗಿಸುತ್ತಿದ್ದವನು ಬೆಳಕು ಕಂಡು ಸಲಿಕೆ ಅಲ್ಲೇ ಬಿಟ್ಟು ಓಡಿಬಂದ.

"ಯಾಕಣ್ಣಾ, ಅವ್ವಗ ಏನಾತು?"

ಏನೂ ಆಗಿಲ್ಲ, ಊಟಕ್ಕೆ ಕರೆಯಲು ಬಂದೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಕತ್ತಲಲ್ಲಿ ಯಾರಾದರೂ ಹೊಲಕ್ಕೆ ಬಂದರೆ ಅದು ಸಾವಿನ ಸುದ್ದಿಗೋ ಆಸ್ಪತ್ರೆಯ ಸುದ್ದಿಗೋ ಅಂತ ಅವನ ಲೆಕ್ಕ. ಮತ್ತೊಮ್ಮೆ ಹೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ನನ್ನ ಗಂಟಲು ಕಟ್ಟಿತ್ತು, ಹನ್ನೊಂದು ವರ್ಷದ ಮಾತು ಅಲ್ಲಿಂದ ಮೇಲೆ ಬರಲಿಲ್ಲ.

"ಹತ್ತಕ್ಕ ಕರೆಂಟ್ ಹೋಗತೈತಿ ಅಣ್ಣಾ, ಇನ್ನೂ ಆರು ಸಾಲು ಐತಿ" ಅಂದ. ಆ ಮೇಲೆ, "ಬ್ಯಾಟರಿ ಈ ಕಡಿ ಹಿಡಿ."

ಚಪ್ಪಲಿ ಬದುವಿನ ಮೇಲೆ ಬಿಟ್ಟು ಕೆಸರಿಗೆ ಇಳಿದೆ. ಅವನು ಮಣ್ಣು ಕೆದರಿ ಒಂದು ಸಾಲಿನ ಬಾಯಿ ಮುಚ್ಚಿ ಇನ್ನೊಂದರದು ತೆರೆದ. ಬೆಳಕಿನಲ್ಲಿ ನೀರು ಮೆಲ್ಲಗೆ ಒಳಗೆ ಹೋಗುವುದು ಕಾಣುತ್ತಿತ್ತು.